ಒಂಟಿಯಾಗಿ ಓಡುವವರೇ, ಬೊಬ್ಬೆ ಹಾಕಲು ಕಲಿಯಿರಿ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಮೊದಲ ಬಸ್ಸು ಹೊರಡುವ ಮೊದಲೇ ರಸ್ತೆಗಿಳಿಯುವ ಒಂದು ವರ್ಗ ಈಗ ಉಂಟು. ಅವರೇ ಓಡುವವರು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಅದಕ್ಕೆ ಅಭ್ಯಾಸ ಬೇಡವೇ? ಸೈನ್ಯಕ್ಕೆ ಸೇರುವವರು ಬೇರೆ. "ಸಕ್ಕರೆ ಕಾಯಿಲೆ ಉಂಟು, ನಡೆಯಿರಿ" ಎಂದು ಡಾಕ್ಟರು ಅಟ್ಟಿದ ಅಂಗಡಿ ಧಣಿಗಳು ಮತ್ತೂ ಬೇರೆ.

ಮೂಡುಬಿದಿರೆ ಪೇಟೆಯವರು ಪುಣ್ಯವಂತರು. ಸ್ವರಾಜ್ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕೇ ಉಂಟು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕ್ರೀಡಾಕೂಟ ನಡೆದದ್ದು ಅಲ್ಲಿಯೇ. ಆದರೆ ಶಿರ್ತಾಡಿಯ ಹುಡುಗಿ, ಪುಂಜಾಲಕಟ್ಟೆಯ ಹುಡುಗ, ಮುಂಡಾಜೆಯ ಮಾಸ್ಟ್ರು ಎಲ್ಲಿ ಓಡಬೇಕು? ಡಾಮರು ರಸ್ತೆಯೇ ಗತಿ. ಒಂದು ಕಡೆ ರಬ್ಬರ್ ತೋಟ, ಇನ್ನೊಂದು ಕಡೆ ಗುಡ್ಡೆ, ನಡುವೆ ಒಬ್ಬರೇ.

ಓಡುವವರ ಮಾತು ಮಾತ್ರ ಅಲ್ಲ ಇದು. ಹಣೆಗೆ ಟಾರ್ಚು ಕಟ್ಟಿ ಟ್ಯಾಪಿಂಗಿಗೆ ಹೋಗುವವರು, ಸೊಸೈಟಿಗೆ ಹಾಲು ಒಯ್ಯುವ ಅಕ್ಕಂದಿರು, ಕೊನೆ ಬಸ್ಸಿಳಿದು ಮೈಲು ದೂರ ನಡೆಯುವ ಸೇಲ್ಸ್ ಹುಡುಗಿಯರು, ಎಲ್ಲರೂ ಒಂಟಿಯೇ.

ಮರೆಯಬಾರದ ದಿನ

2012ರ ಅಕ್ಟೋಬರ್ 9ರಂದು ಉಜಿರೆಯಲ್ಲಿ ಕಾಲೇಜು ಮುಗಿಸಿ ಮನೆಗೆ ಹೊರಟ 17ರ ವಿದ್ಯಾರ್ಥಿನಿ ಮನೆ ಮುಟ್ಟಲಿಲ್ಲ. ಮರುದಿನ ಸಿಕ್ಕಿದ್ದು ಹೆಣ. ಪೊಲೀಸು, ಸಿ.ಐ.ಡಿ., ಸಿ.ಬಿ.ಐ. ಎಲ್ಲ ಬಂದವು. 2023ರ ಜೂನ್ ತಿಂಗಳಲ್ಲಿ ಕೋರ್ಟು ಆರೋಪಿಯನ್ನು ಬಿಡುಗಡೆ ಮಾಡಿತು. ಆಕೆ ರಾತ್ರಿ ತಿರುಗಲು ಹೋದವಳಲ್ಲ. ದಿನಾ ಹೋಗಿ ಬರುವ ದಾರಿ ಅದು.

ದೂರದ ಐರ್ಲೆಂಡಿನಲ್ಲೂ ಹೀಗೇ. 2022ರ ಜನವರಿ 12ರಂದು ತುಲ್ಲಮೋರ್ ಎಂಬ ಊರಿನ ಕಾಲುವೆ ಬದಿಯಲ್ಲಿ ಓಡಲು ಹೋದ 23 ವರ್ಷದ ಶಾಲಾ ಟೀಚರ್ ಕೊಲೆಯಾದಳು. ಆಗ ಸಂಜೆ ನಾಲ್ಕು ಗಂಟೆಯ ಹೊತ್ತು. "ಹೊತ್ತಲ್ಲದ ಹೊತ್ತಿನಲ್ಲಿ ಹೋದದ್ದು ಯಾಕೆ?" ಎಂದು ಕೇಳುವವರು ಈ ಎರಡನ್ನೂ ನೆನಪಿಡಲಿ. ತಪ್ಪು ಹೋದವರದ್ದಲ್ಲ, ಕೈ ಹಾಕಿದವರದ್ದು.

ಹಾಗೆಂದು ಮನೆಯೊಳಗೆ ಕೂತರೆ ಆಗುತ್ತದೆಯೇ? ಆಗುವುದಿಲ್ಲ. ಹುಷಾರು ಬೇಕು, ಅಷ್ಟೆ.

ಗಾಡಿ, ನಾಯಿ, ಆನೆ

ಮನುಷ್ಯನಿಗಿಂತ ದಿನಾ ಎದುರಾಗುವ ಅಪಾಯ ಗಾಡಿಯದ್ದು. ನಮ್ಮಲ್ಲಿ ಡಿಸೆಂಬರ್-ಜನವರಿಯಲ್ಲಿ ಸೂರ್ಯ ಮೂಡುವುದೇ ಏಳು ಗಂಟೆ ಹತ್ತಿರ. ಐದೂವರೆಗೆ ಕಪ್ಪು ಬನಿಯನ್ ಹಾಕಿ ಹೆದ್ದಾರಿಯಲ್ಲಿ ಓಡಿದರೆ ಲಾರಿಯವನಿಗೆ ಎಂತ ಕಾಣ್ತದೆ? ಬಿಳಿ ಅಂಗಿ ಹಾಕಿ, ಕೈಯಲ್ಲಿ ಟಾರ್ಚು ಇರಲಿ. ರಸ್ತೆಯ ಬಲಬದಿಯಲ್ಲಿ, ಬರುವ ಗಾಡಿಗೆ ಎದುರಾಗಿ ಓಡಿ. ಎರಡೂ ಕಿವಿಗೆ ಇಯರ್‌ಫೋನ್ ತುರುಕುವುದು ಬೇಡ. ಹಿಂದೆ ಬೈಕ್ ನಿಧಾನ ಆದದ್ದು ಗೊತ್ತಾಗುವುದು ಕಿವಿಯಿಂದಲೇ.

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ. ಓಡಿದಷ್ಟೂ ಅದಕ್ಕೆ ಹುರುಪು. ಬೆನ್ನು ಹಾಕದೆ, ಕಣ್ಣಿಗೆ ಕಣ್ಣು ಕೊಡದೆ ಮೆಲ್ಲ ಹಿಂದೆ ಸರಿಯಿರಿ. ಕಚ್ಚಿದರೆ ಅರಸಿನ, ಸುಣ್ಣ ಬೇಡ. ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಇಂಜೆಕ್ಷನ್ ಅರ್ಧಕ್ಕೆ ಬಿಡಬೇಡಿ. ರೇಬಿಸ್ ಹಿಡಿದ ಮೇಲೆ ಮದ್ದಿಲ್ಲ.

ಚಾರ್ಮಾಡಿ, ಮುಂಡಾಜೆ ಕಡೆಯವರಿಗೆ ಇನ್ನೊಂದು ಮಾತು. ಆನೆ ಬಂದಿದೆ ಎಂಬ ಸುದ್ದಿ ಉಂಟಾದರೆ ಆ ದಿನದ ಓಟಕ್ಕೆ ರಜೆ!

ಕೈ ಹಾಕಿದರೆ?

ಮೊದಲನೆಯ ಆಯುಧ ಗಂಟಲು. ಬೊಬ್ಬೆ ಹಾಕಲು ನಮ್ಮ ಹೆಣ್ಣುಮಕ್ಕಳಿಗೆ ನಾಚಿಕೆ. "ಯಾರಾದರೂ ನೋಡಿದರೆ?" ಎಂಬ ಹೆದರಿಕೆ. ಮಾರಾಯ್ರೆ, ನೋಡಲಿ ಅಂತಲೇ ಬೊಬ್ಬೆ ಹಾಕುವುದು! ಹಿಂಬಾಲಿಸುತ್ತಿದ್ದಾನೆ ಎಂದು ಅನಿಸಿದರೆ ಸಾಕು, ತಿರುಗಿ ನಿಂತು "ಎಂತ ಬೇಕು?" ಎಂದು ಗಟ್ಟಿ ಕೇಳಿ. ಹತ್ತಿರದ ಮನೆಯ ಅಂಗಳಕ್ಕೆ ಹೋಗಿ.

ಮಣಿಕಟ್ಟು ಹಿಡಿದರೆ ಅವನ ಹೆಬ್ಬೆರಳಿನ ಕಡೆಗೆ ತಿರುಚಿ ಎಳೆಯಿರಿ. ಹಿಡಿತ ಸಡಿಲ ಇರುವುದು ಅಲ್ಲಿಯೇ. ಹಿಂದಿನಿಂದ ತಬ್ಬಿದರೆ ಹಿಮ್ಮಡಿಯಿಂದ ಅವನ ಪಾದ ಮೆಟ್ಟಿ, ಮೊಣಕೈಯಿಂದ ಹೊಟ್ಟೆಗೆ ಕೊಡಿ. ಎದುರಿನಿಂದಾದರೆ ಕಣ್ಣು, ಮೂಗು, ಮೊಣಕಾಲು. ಮಳೆಗಾಲದಲ್ಲಿ ಕೈಯಲ್ಲಿ ಕೊಡೆ ಇದ್ದೇ ಇರುತ್ತದೆ, ಅದರ ಮೊನೆ ಸಾಕು. ಆದರೆ ಅಲ್ಲೇ ನಿಂತು ಕುಸ್ತಿ ಮಾಡುವುದಲ್ಲ. ಒಂದು ಪೆಟ್ಟು, ಮತ್ತೆ ಓಟ. ಕಲಿತ ಓಟ ಉಪಯೋಗಕ್ಕೆ ಬರುವುದು ಆಗಲೇ.

ಚಿನ್ನ ಮನೆಯಲ್ಲಿಟ್ಟು ಹೋಗಿ. ಸರಕ್ಕೆ ಕೈ ಹಾಕಿದರೆ ಹಿಡಿದು ಜೋತು ಬೀಳಬೇಡಿ. ಕುತ್ತಿಗೆಗಿಂತ ಸರ ದೊಡ್ಡದಲ್ಲ.

ಹೊಡೆದರೆ ನಮ್ಮ ಮೇಲೇ ಕೇಸಾ?

ಈ ಹೆದರಿಕೆ ಅಂಗಡಿ ಜಗಲಿಯಲ್ಲಿ ದಿನಾ ಕೇಳುವಂಥದ್ದು. ಕಾನೂನು ಓದಿದರೆ ಸಮಾಧಾನ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಅತ್ಯಾಚಾರಕ್ಕೆ, ಅಪಹರಣಕ್ಕೆ ಬಂದವನನ್ನು ತಡೆಯುವಾಗ ಅವನ ಜೀವ ಹೋದರೂ ಆ ಹಕ್ಕಿನ ರಕ್ಷಣೆ ಉಂಟು. ಪ್ರಾಣ ಉಳಿಸಿಕೊಳ್ಳುವವನು ತಕ್ಕಡಿ ಹಿಡಿದು ಪೆಟ್ಟು ತೂಗಲಾರ ಎಂಬುದನ್ನು ಸುಪ್ರೀಂ ಕೋರ್ಟು 2010ರ ದರ್ಶನ್ ಸಿಂಗ್ ಕೇಸಿನಲ್ಲಿ ಒಪ್ಪಿದೆ.

ಆದರೆ ಅಗತ್ಯಕ್ಕಿಂತ ಹೆಚ್ಚು ಆಗಬಾರದು. ಬಿದ್ದವನಿಗೆ ಮತ್ತೆ ಮತ್ತೆ ಬಡಿದರೆ ಅದು ಆತ್ಮರಕ್ಷಣೆಯಲ್ಲ. ಪೆಪ್ಪರ್ ಸ್ಪ್ರೇ ಚೀಲದಲ್ಲಿ ಇಡುವವರೂ ನೆನಪಿಡಿ. 2024ರಲ್ಲಿ ಬೆಂಗಳೂರಿನ ಅಂಗಡಿ ಜಗಳವೊಂದರಲ್ಲಿ ಅದನ್ನು ಬಳಸಿದವರ ಮೇಲಿನ ಕೇಸು ರದ್ದು ಮಾಡಲು ಹೈಕೋರ್ಟು ಒಪ್ಪಲಿಲ್ಲ. ಜೀವಕ್ಕೆ ಅಪಾಯ ಇಲ್ಲದಾಗ ಅದೂ ಅಪಾಯಕಾರಿ ಆಯುಧವೇ ಎಂದಿತು.

ಹಿಂಬಾಲಿಸಿ ಪೀಡಿಸುವುದೂ ಅಪರಾಧವೇ. ಅದು ಇದೇ ಸಂಹಿತೆಯ 78ನೇ ಕಲಮು. 112ಕ್ಕೆ ಫೋನ್ ಮಾಡಿ.

ಇಲ್ಲಿ ನಮ್ಮ ಊರಿನದ್ದೇ ಒಂದು ತಾಪತ್ರಯ ಉಂಟು. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರ ಕೈಕೆಳಗೆ. ಬಂಟ್ವಾಳ, ಬೆಳ್ತಂಗಡಿ ಜಿಲ್ಲಾ ಎಸ್.ಪಿ. ಕೈಕೆಳಗೆ. ಸಿದ್ದಕಟ್ಟೆ, ವೇಣೂರು ಆಚೀಚೆ ಏನಾದರೂ ಆದರೆ "ಇದು ನಮ್ಮ ಸರಹದ್ದಲ್ಲ" ಎನ್ನಲಿಕ್ಕೆ ಅವಕಾಶ ಇದೆಯೇ? ಇಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಕೃತ್ಯ ಎಲ್ಲಿಯೇ ನಡೆಯಲಿ, ಯಾವ ಠಾಣೆಯೂ ದೂರು ಬರೆದುಕೊಳ್ಳಲೇಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕೇಳಿ ಪಡೆಯಿರಿ.

ಅಂಗಡಿಯವರಿಗೆ, ಪಂಚಾಯತಿಗೆ

ಬೆಳಗ್ಗೆ ಐದಕ್ಕೆ ಶಟರ್ ಎತ್ತುವ ಹೋಟೆಲಿನವರು, ಪೇಪರಿನವರು, ರಾತ್ರಿ ಕೊನೆಗೆ ಬಾಗಿಲು ಹಾಕುವ ಮೆಡಿಕಲ್‌ನವರು, ನಿಮ್ಮ ಎದುರಿನ ಒಂದು ಬಲ್ಬು ಒಂದು ಕಾವಲು. ದಿನಾ ಓಡುವ ಹುಡುಗಿ ಇವತ್ತು ಹೋದವಳು ವಾಪಸು ಬರಲಿಲ್ಲ ಎಂದು ಮೊದಲು ಗೊತ್ತಾಗುವುದು ನಿಮಗೇ. ಓಡುವವರೂ ಹಾಗೆ, ಹೋಗುವಾಗ ಒಂದು ಮಾತು ಹೇಳಿ ಹೋಗಿ. ಬಸ್ಸಿನ ಕಂಡಕ್ಟರುಗಳು ಕತ್ತಲಾದ ಮೇಲೆ ಒಂಟಿ ಹೆಣ್ಣುಮಕ್ಕಳನ್ನು ಸ್ಟಾಪಿನಿಂದ ನೂರು ಗಜ ಮುಂದೆ ಇಳಿಸುವ ಚಾಳಿ ಬಿಡಲಿ.

ಪಂಚಾಯತಿನವರಿಗೆ ಕೇಳುವುದು ಎರಡೇ. ದಾರಿದೀಪ ಉರಿಯಲಿ. ಶಾಲಾ ಮೈದಾನದ ಗೇಟು ಬೆಳಗ್ಗೆ ಐದೂವರೆಗೆ ತೆರೆಯಲಿ. ಹತ್ತು ಜನ ಒಟ್ಟಿಗೆ ಓಡುವ ಜಾಗ ಕೊಟ್ಟರೆ ಒಂಟಿ ಓಟದ ಪ್ರಶ್ನೆಯೇ ಅರ್ಧ ಮುಗಿಯಿತು. ಗೇಟಿನ ಬೀಗದ ಕೈ ಯಾರ ಕಿಸೆಯಲ್ಲಿ ಉಂಟೋ, ಅವರು ಉತ್ತರ ಕೊಡಲಿ.