ಹಳೇ ಬಾಕಿ ವಸೂಲಿಗೆ ಬಂದ ಹೀರೋ: ಪಾತ್ರವೊಂದು ತನ್ನನ್ನೇ ಭೇಟಿಯಾದಾಗ

ಬಸ್ಸಲ್ಲಿ, ಮೆಟ್ರೋದಲ್ಲಿ, ರಾತ್ರಿ ಪಾತ್ರೆ ತೊಳೀತಾ, ಎಲ್ಲಿಂದ ಕೇಳ್ತಿದ್ದರೂ ನಿಮಗೆ ಸ್ವಾಗತ. ಇಯರ್‌ಫೋನ್ ಮರೆತು ಬಂದಿದ್ದೀನಿ, ಓದ್ಕೊಳ್ತೀನಿ ಅನ್ನೋರಿಗೆ ಇದು ಈ ಸಂಚಿಕೆಯ ಬರಹ ರೂಪ. ಮೊದಲೇ ಎಚ್ಚರಿಕೆ: ಇವತ್ತು 'ಡಾಕ್ಟರ್ ಹೂ', 'ಸ್ಟಾರ್ ಟ್ರೆಕ್', 'ಸ್ಪೈಡರ್‌ಮ್ಯಾನ್', 'ದ ಫ್ಲಾಶ್' ಇವುಗಳ ಕಥೆಯನ್ನ ಪೂರ್ತಿ ಬಿಚ್ಚಿಡ್ತೀನಿ. ನೋಡಿಲ್ಲದವರು ನೋಡ್ಕೊಂಡು ಬನ್ನಿ, ಸಂಚಿಕೆ ಎಲ್ಲೂ ಓಡಿಹೋಗಲ್ಲ.

ಒಂದು ಸೀನ್ ನೆನಪು ಮಾಡ್ಕೊಳ್ಳಿ. 2021ರ ಡಿಸೆಂಬರ್, 'ಸ್ಪೈಡರ್‌ಮ್ಯಾನ್: ನೋ ವೇ ಹೋಮ್'. ನೆಡ್ ಕೈ ಸುತ್ತಿಸಿದ ಕೂಡಲೇ ಗಾಳಿಯಲ್ಲಿ ಬೆಂಕಿ ಬಳೆಯಂಥ ಬಾಗಿಲು ತೆರೆಯುತ್ತೆ. ಒಬ್ಬ ಸ್ಪೈಡರ್‌ಮ್ಯಾನ್ ಒಳಗೆ ಬಂದು ಮುಖವಾಡ ತೆಗೀತಾನೆ. ನೋಡಿದರೆ ಆಂಡ್ರ್ಯೂ ಗಾರ್ಫೀಲ್ಡ್! ಸ್ವಲ್ಪ ಹೊತ್ತಿಗೆ ಇನ್ನೊಂದು ಬಾಗಿಲಿಂದ ಟೋಬಿ ಮೆಗ್ವೈರ್. ಆ ಸೀನಿಗೆ ಶಿಳ್ಳೆ ಹೊಡೆದವರಲ್ಲಿ ನೀವೂ ಇರಬಹುದು.

ಇದಾದಮೇಲೆ ಎಲ್ಲಾ ದೊಡ್ಡ ಫ್ರಾಂಚೈಸಿಗೂ ಹಳೇ ಹೀರೋನ ಕರೆಸೋ ಆಸೆ ಬಂದಹಾಗಿದೆ. ಕೆಲವು ಸಲ ಕಣ್ಣಲ್ಲಿ ನೀರು ಬರುತ್ತೆ, ಕೆಲವು ಸಲ ಆಕಳಿಕೆ ಬರುತ್ತೆ. ಐಡಿಯಾ ಒಂದೇ, ಪರಿಣಾಮ ಬೇರೆ. ಯಾಕೆ? ಇವತ್ತಿನ ಪ್ರಶ್ನೆ ಇದು.

ನಾನು ಓದಿದ್ದು ಬಿಕಾಂ, ಹಾಗಾಗಿ ಉತ್ತರವೂ ಲೆಕ್ಕದ ಪುಸ್ತಕದಿಂದಲೇ ಬರುತ್ತೆ. ಹೋದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸ್ ಈ ವರ್ಷದ ಓಪನಿಂಗ್ ಬ್ಯಾಲೆನ್ಸ್ ಆಗುತ್ತೆ ಅಲ್ವಾ? ಪಾತ್ರಗಳಿಗೂ ಹಾಗೇ. ಹಳೇ ಸಿನಿಮಾ ಮುಗಿದಾಗ ಆ ಪಾತ್ರದ ಹೆಸರಲ್ಲಿ ಏನೋ ಬಾಕಿ ಉಳಿದಿರುತ್ತೆ: ಒಂದು ಸಾವು, ಒಂದು ತಪ್ಪು, ಒಂದು ಮುರಿದ ಮಾತು. ಆ ಬಾಕಿ ಚುಕ್ತಾ ಮಾಡೋಕೆ ಬಂದರೆ ಭೇಟಿ ಗೆಲ್ಲುತ್ತೆ. ಬರೀ ಮುಖ ತೋರಿಸೋಕೆ ಬಂದರೆ ಶಿಳ್ಳೆ ನಿಂತ ಮೇಲೆ ಏನೂ ಉಳಿಯಲ್ಲ.

ಶುರುವಾಗಿದ್ದು ಹೇಗೆ?

ಈ ಆಟಕ್ಕೆ ದಾರಿ ಹಾಕಿಕೊಟ್ಟದ್ದು ಬ್ರಿಟನ್ನಿನ ಬಿಬಿಸಿ ಧಾರಾವಾಹಿ 'ಡಾಕ್ಟರ್ ಹೂ'. ಶುರುವಾಗಿದ್ದು 1963ರ ನವೆಂಬರ್ 23ಕ್ಕೆ. ಡಾಕ್ಟರ್ ಅನ್ನೋನು ಬೇರೆ ಗ್ರಹದವನು, ಕಾಲದಲ್ಲಿ ಹಿಂದೆ ಮುಂದೆ ಓಡಾಡ್ತಾನೆ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್. 1966ರ ಹೊತ್ತಿಗೆ ಅವರ ಆರೋಗ್ಯ ಕೈಕೊಡ್ತಿತ್ತು, ಆದರೆ ಧಾರಾವಾಹಿ ಚೆನ್ನಾಗಿ ಓಡ್ತಿತ್ತು. ಆಗ ಬರಹಗಾರರು ಒಂದು ಉಪಾಯ ಮಾಡಿದರು. ಡಾಕ್ಟರ್ ಸಾಯೋ ಸ್ಥಿತಿಗೆ ಬಂದಾಗ ಅವನ ದೇಹವೇ ಬದಲಾಗುತ್ತೆ. ಆಸಾಮಿ ಅವನೇ, ಮುಖ ಬೇರೆ. ಪ್ಯಾಟ್ರಿಕ್ ಟ್ರೌಟನ್ ಎರಡನೇ ಡಾಕ್ಟರ್ ಆದರು, ಆಮೇಲೆ ಜಾನ್ ಪರ್ಟ್ವೀ ಮೂರನೆಯವರು.

ಕಾಲದಲ್ಲಿ ಓಡಾಡೋ ಯಂತ್ರ ಇದೆ, ಹಳೇ ಮುಖಗಳೂ ಇವೆ. ಹಾಗಾದರೆ ಇಬ್ಬರೂ ಎದುರಾಗಬಹುದಲ್ಲ? 1972ರ ಡಿಸೆಂಬರ್ 30ಕ್ಕೆ ಶುರುವಾದ 'ದ ತ್ರೀ ಡಾಕ್ಟರ್ಸ್' ಕಥೆಯಲ್ಲಿ ಅದೇ ಆಯ್ತು. ಟ್ರೌಟನ್, ಪರ್ಟ್ವೀ ಒಬ್ಬರಿಗೊಬ್ಬರು ಕೊಂಕು ಮಾತಾಡ್ತಾ ಕಿತ್ತಾಡ್ತಾರೆ. ಹಾರ್ಟ್‌ನೆಲ್ ಇಬ್ಬರನ್ನೂ ಗದರಿಸಿ ದಾರಿಗೆ ತರ್ತಾರೆ. ಆದರೆ ಅವರು ಕಾಣಿಸೋದು ಪರದೆಯೊಳಗೆ ಮಾತ್ರ. ಕಾರಣ, ಕಾಯಿಲೆ ಜಾಸ್ತಿಯಾಗಿತ್ತು. ಕೂತಲ್ಲೇ, ಎದುರಿಗೆ ಹಿಡಿದ ಬೋರ್ಡ್ ನೋಡಿ ಸಂಭಾಷಣೆ ಓದಿ ಮುಗಿಸಿದರು. ಅದೇ ಅವರ ಕೊನೆಯ ನಟನೆ, 1975ರಲ್ಲಿ ತೀರಿಕೊಂಡರು.

ಬಾಕಿ ಎಲ್ಲಿದೆ ಅಂತೀರಾ? 1969ರಲ್ಲಿ ಎರಡನೇ ಡಾಕ್ಟರ್‌ಗೆ ಅವನ ಜನಾಂಗದವರು ಶಿಕ್ಷೆ ಕೊಟ್ಟಿದ್ದರು: ಭೂಮಿಗೆ ಗಡೀಪಾರು. ಆ ಶಿಕ್ಷೆ ಅನುಭವಿಸ್ತಿದ್ದವನು ಮೂರನೇ ಡಾಕ್ಟರ್. ಮೂವರೂ ಸೇರಿ ದೊಡ್ಡ ಗಂಡಾಂತರ ತಪ್ಪಿಸಿದ ಮೇಲೆ ಶಿಕ್ಷೆ ರದ್ದಾಗುತ್ತೆ. ಹಳಬ ಮಾಡಿದ ಸಾಲ, ಹೊಸಬನ ತಲೆ ಮೇಲೆ, ಇಬ್ಬರೂ ಕೂತು ತೀರಿಸಿದರು. ಹತ್ತನೇ ವರ್ಷದ ಸಂಭ್ರಮಕ್ಕೆ ಮಾಡಿದ ಕಥೆ, ಆದರೂ ಬರೀ ಸಂಭ್ರಮ ಅಲ್ಲ.

ಒಂದೇ ಭೇಟಿ, ಮೂರು ಬಗೆ

ಇಂಥ ಭೇಟಿಗಳಲ್ಲಿ ನನಗೆ ಮೂರು ಬಗೆ ಕಾಣುತ್ತೆ.

ಮೊದಲನೆಯದು, ವಯಸ್ಸಾದ ನಾನು ಸಣ್ಣ ವಯಸ್ಸಿನ ನನ್ನನ್ನ ನೋಡೋದು. ಇದಕ್ಕೆ 2009ರ 'ಸ್ಟಾರ್ ಟ್ರೆಕ್' ಉದಾಹರಣೆ. 1966ರಿಂದ ಸ್ಪಾಕ್ ಆಗಿದ್ದ ಲಿಯೊನಾರ್ಡ್ ನಿಮೋಯ್, ಭವಿಷ್ಯದಿಂದ ಬಂದ ಮುದುಕ ಸ್ಪಾಕ್. ಒಂದು ಗ್ರಹವನ್ನ ಉಳಿಸ್ತೀನಿ ಅಂತ ಹೊರಟು ಸೋತವನು. ಹೊಸ ಸ್ಪಾಕ್ ಝಾಕರಿ ಕ್ವಿಂಟೋ. ಮುದುಕ ಸ್ಪಾಕ್ ಒಂದು ಚಂದದ ಕಿಲಾಡಿತನ ಮಾಡ್ತಾನೆ. ನಾನಿರೋದು ಹುಡುಗ ಸ್ಪಾಕ್‌ಗೆ ಗೊತ್ತಾದರೆ ಪ್ರಳಯವೇ ಆಗುತ್ತೆ ಅನ್ನೋ ಹಾಗೆ ಕರ್ಕ್‌ನ ನಂಬಿಸ್ತಾನೆ. ಕೊನೆಗೆ ನೋಡಿದರೆ ಅದು ಬುರುಡೆ! ತಾನು ಮಧ್ಯ ಬಂದರೆ ಇವರಿಬ್ಬರೂ ತಾವಾಗಿ ಸ್ನೇಹಿತರಾಗಲ್ಲ ಅಂತ ದೂರ ನಿಂತಿದ್ದ. ಅಣ್ಣಂದಿರು ನೆನಪಿಟ್ಕೋಬೇಕಾದ ಪಾಠ ಇದು: ಉತ್ತರ ಗೊತ್ತಿದ್ದರೂ ಹೇಳದೇ ಇರೋದು.

ನಿಮೋಯ್ 2015ರ ಫೆಬ್ರವರಿಯಲ್ಲಿ ತೀರಿಕೊಂಡರು. 2016ರ 'ಸ್ಟಾರ್ ಟ್ರೆಕ್ ಬಿಯಾಂಡ್'ನಲ್ಲಿ ಹುಡುಗ ಸ್ಪಾಕ್‌ಗೆ ಮುದುಕ ಸ್ಪಾಕ್ ಸತ್ತ ಸುದ್ದಿ ಬರುತ್ತೆ. ತನ್ನ ಸಾವಿನ ಸುದ್ದಿಯನ್ನ ತಾನೇ ಕೇಳೋದು! ಬಿಟ್ಟುಹೋದ ಸಾಮಾನಿನಲ್ಲಿ ಹಳೇ ತಂಡದ ಒಂದು ಫೋಟೋ ಇರುತ್ತೆ. ಕಂಪ್ಯೂಟರ್‌ನಲ್ಲಿ ಮುಖ ಸೃಷ್ಟಿಸಲಿಲ್ಲ. ಒಂದು ಫೋಟೋ ಸಾಕಾಯ್ತು. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಎರಡನೆಯದು, ಈಗಿನ ನಾನು ಹಳೇ ನನ್ನನ್ನ ನೋಡಿ ನಾಚಿಕೊಳ್ಳೋದು. 2017ರ ಕ್ರಿಸ್‌ಮಸ್‌ಗೆ ಬಂದ 'ಟ್ವೈಸ್ ಅಪಾನ್ ಎ ಟೈಮ್'ನಲ್ಲಿ ಪೀಟರ್ ಕಪಾಲ್ಡಿಯ ಡಾಕ್ಟರ್‌ಗೆ ಮೊದಲ ಡಾಕ್ಟರ್ ಸಿಗ್ತಾನೆ; ಈ ಸಲ ಪಾತ್ರ ಮಾಡಿದ್ದು ಡೇವಿಡ್ ಬ್ರಾಡ್ಲಿ. ಧೂಳು ಹೊಡೆಯೋದು ಹೆಂಗಸರ ಕೆಲಸ ಅನ್ನೋ ಧಾಟಿಯಲ್ಲಿ ಅವನು ಮಾತಾಡ್ತಾನೆ. ಕಪಾಲ್ಡಿಯ ಡಾಕ್ಟರ್‌ಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸುವಷ್ಟು ಮುಜುಗರ. ಹತ್ತು ವರ್ಷದ ಹಿಂದಿನ ಫೇಸ್‌ಬುಕ್ ಪೋಸ್ಟ್ ಮೆಮೊರೀಸ್‌ನಲ್ಲಿ ಬಂದಾಗ ಆಗುತ್ತಲ್ಲ, ಹಾಗೆ. ಅದೇ ಕಂತಿನ ಕೊನೆಗೆ ಡಾಕ್ಟರ್ ಮತ್ತೆ ಬದಲಾಗಿ ಜೋಡಿ ವಿಟ್ಟೇಕರ್ ಆಗ್ತಾನೆ, ಅಂದರೆ ಹೆಂಗಸಾಗ್ತಾನೆ. ಧಾರಾವಾಹಿ ತನ್ನ ಹಳೇ ಬುದ್ಧಿಯ ಲೆಕ್ಕವನ್ನ ತಾನೇ ತೆಗೆದು ಎಲ್ಲರೆದುರು ಇಟ್ಟಿತು.

ಮೂರನೆಯದು, ಬೇರೆ ಲೋಕದ ಇನ್ನೊಬ್ಬ ನಾನು. ಇದು ಸ್ಪೈಡರ್‌ಮ್ಯಾನ್ ದಾರಿ. ಇಲ್ಲಿ ವ್ಯವಹಾರದ ಒಂದು ಮಾತು ಹೇಳಲೇಬೇಕು. ಟೋಬಿ, ಆಂಡ್ರ್ಯೂ, ಟಾಮ್ ಹಾಲಂಡ್, ಮೂವರ ಸಿನಿಮಾ ಹಕ್ಕೂ ಸೋನಿ ಹತ್ತಿರವೇ ಇತ್ತು. ಡಿಸ್ನಿ ಒಡೆತನದ ಮಾರ್ವೆಲ್ ಸ್ಟುಡಿಯೋಸ್ ಜೊತೆ 2015ರಲ್ಲಿ ಒಪ್ಪಂದ ಆಗಿತ್ತು. ಹಾಗಾಗಿ ಮೂವರನ್ನ ಒಂದೇ ಫ್ರೇಮಿಗೆ ತರೋಕೆ ಇನ್ನೊಬ್ಬ ಮಾಲೀಕನ ಬಾಗಿಲು ತಟ್ಟಬೇಕಿರಲಿಲ್ಲ. ಸಿನಿಮಾ ಪ್ರಪಂಚದಾದ್ಯಂತ 190 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತೀವಲ್ಲ, ಕಣ್ಣಿಗೆ ಕಾಣದ ಆಸ್ತಿ, ನಮ್ಮ ಬಾಲ್ಯದ ನೆನಪೇ ಆ ಆಸ್ತಿ.

ಆದರೆ ಬರೀ ಗುಡ್‌ವಿಲ್ ಮಾರಿದ್ದರೆ ನಾವು ಅಳ್ತಿರಲಿಲ್ಲ. 2014ರ ಸಿನಿಮಾದಲ್ಲಿ ಆಂಡ್ರ್ಯೂವಿನ ಪೀಟರ್‌ಗೆ ಬೀಳ್ತಿದ್ದ ಗ್ವೆನ್‌ಳನ್ನ ಉಳಿಸೋಕೆ ಆಗಿರಲಿಲ್ಲ. 2021ರಲ್ಲಿ ಎಂಜೆ ಬೀಳ್ತಾಳೆ, ಅವನು ಹಾರಿ ಹಿಡೀತಾನೆ, ಹಿಡಿದು ಅವನೇ ಅಳ್ತಾನೆ. ಏಳು ವರ್ಷದ ಬಾಕಿ ಆ ಒಂದು ಗಳಿಗೆಯಲ್ಲಿ ಚುಕ್ತಾ. ಇನ್ನು ಟೋಬಿ. 2002ರಲ್ಲಿ ಗ್ರೀನ್ ಗಾಬ್ಲಿನ್ ಸತ್ತಿದ್ದು ತನ್ನದೇ ಗ್ಲೈಡರ್ ಚುಚ್ಚಿ. ಈಗ ಟಾಮ್‌ನ ಪೀಟರ್ ಅದೇ ಗ್ಲೈಡರ್ ಎತ್ತಿ ಕೊಲ್ಲೋಕೆ ಹೊರಟಾಗ ಟೋಬಿ ಒಂದು ಮಾತೂ ಆಡದೆ ಅಡ್ಡ ನಿಲ್ತಾನೆ. ಇಬ್ಬರೂ ಬಂದಿದ್ದು ತಮ್ಮ ಕೆಲಸಕ್ಕೇ.

ಹಳಬರು ಹೇಳಿದ್ದೇ ಸರಿನಾ?

2023ರ ಜೂನ್‌ನಲ್ಲಿ ಎರಡು ಸಿನಿಮಾ ಬಂದವು. ಎರಡರಲ್ಲೂ ಹಳೇ ಮುಖಗಳ ಜಾತ್ರೆ.

ಒಂದು 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್'. ಕನ್ನಡಕ್ಕೂ ಡಬ್ ಆಗಿತ್ತು. ಅಲ್ಲಿ ನೂರಾರು ಸ್ಪೈಡರ್‌ಮ್ಯಾನ್‌ಗಳು ಸೇರಿ ಹುಡುಗ ಮೈಲ್ಸ್‌ಗೆ ಹೇಳೋದು ಇಷ್ಟೇ: ನಮಗೆಲ್ಲಾ ಹತ್ತಿರದವರು ಸತ್ತಿದ್ದಾರೆ, ನಿನ್ನ ಅಪ್ಪನೂ ಸಾಯಲೇಬೇಕು, ಸ್ಪೈಡರ್‌ಮ್ಯಾನ್ ಆಗೋದು ಅಂದರೆ ಇದೇ. ಮೈಲ್ಸ್ ಒಪ್ಪಲ್ಲ, ಓಡಿಹೋಗ್ತಾನೆ. ಇಲ್ಲಿ ಹಳಬರು ಆಶೀರ್ವಾದ ಮಾಡೋಕೆ ಬಂದವರಲ್ಲ, ದಾರಿಗೆ ಅಡ್ಡ ನಿಂತವರು. ನಾವೂ ಕಷ್ಟಪಟ್ಟಿದ್ದೀವಿ, ನೀನೂ ಪಡು ಅನ್ನೋ ಮಾತನ್ನ ನಮ್ಮ ಮನೆ, ಕಾಲೇಜು, ಆಫೀಸಲ್ಲೆಲ್ಲಾ ಕೇಳಿದ್ದೀವಿ ತಾನೆ?

ಇನ್ನೊಂದು 'ದ ಫ್ಲಾಶ್'. 1989ರ ಬ್ಯಾಟ್‌ಮ್ಯಾನ್ ಮೈಕೆಲ್ ಕೀಟನ್ ವಾಪಸ್ ಬಂದರು, ಅವರಿಗೆ ಮಾಡೋಕೆ ಕೆಲಸವೂ ಇತ್ತು. ಆದರೆ ಕ್ಲೈಮ್ಯಾಕ್ಸ್‌ನಲ್ಲಿ ಬೇರೆ ಬೇರೆ ಲೋಕಗಳು ಕಾಣಿಸ್ತವೆ. ಅದರಲ್ಲಿ ಹಳೇ ಸೂಪರ್‌ಮ್ಯಾನ್‌ಗಳು. 1959ರಲ್ಲಿ ತೀರಿಕೊಂಡ ಜಾರ್ಜ್ ರೀವ್ಸ್, 2004ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ರೀವ್. ಕಂಪ್ಯೂಟರ್‌ನಲ್ಲಿ ಮಾಡಿದ ಮುಖಗಳು. ಸುಮ್ಮನೆ ನಿಂತು ನೋಡ್ತವೆ. ಮಾತಿಲ್ಲ, ಕೆಲಸ ಇಲ್ಲ, ಬಾಕಿ ಇಲ್ಲ.

ಬರಲ್ಲ ಅನ್ನೋ ಹಕ್ಕು

ಇಲ್ಲಿಗೆ ವಿಷಯ ಕಥೆಯಿಂದ ಹೊರಗೆ ಬರುತ್ತೆ. ಹಳೇ ಪಾತ್ರ ವಾಪಸ್ ಬರಬೇಕು ಅಂದರೆ ಹಳೇ ನಟ ಒಪ್ಪಬೇಕು. ಒಪ್ಪದೇ ಇರಲೂಬಹುದು. 1983ರ 'ದ ಫೈವ್ ಡಾಕ್ಟರ್ಸ್'ಗೆ ನಾಲ್ಕನೇ ಡಾಕ್ಟರ್ ಟಾಮ್ ಬೇಕರ್ ಬರಲ್ಲ ಅಂದರು. ಅರ್ಧಕ್ಕೆ ನಿಂತಿದ್ದ ಹಳೇ ಕಥೆಯೊಂದರ ತುಣುಕು ಹಾಕಿ ಸರಿದೂಗಿಸಿದರು.

2013ರಲ್ಲಿ ಐವತ್ತನೇ ವರ್ಷದ 'ದ ಡೇ ಆಫ್ ದ ಡಾಕ್ಟರ್'ಗೆ ಒಂಬತ್ತನೇ ಡಾಕ್ಟರ್ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಬರಲ್ಲ ಅಂದರು. ಆಗ ಬರಹಗಾರ ಸ್ಟೀವನ್ ಮಾಫಟ್, ಯಾರೂ ನೋಡಿರದ ಒಬ್ಬ ಡಾಕ್ಟರ್‌ನ ಸೃಷ್ಟಿ ಮಾಡಿದರು. ಜಾನ್ ಹರ್ಟ್ ಮಾಡಿದ 'ವಾರ್ ಡಾಕ್ಟರ್'. ಯುದ್ಧ ನಿಲ್ಲಿಸೋಕೆ ತನ್ನ ಗ್ರಹವನ್ನೇ ಸುಟ್ಟ ಅನ್ನೋದು ಇವನ ಬಾಕಿ. ಆ ಗುಂಡಿ ಒತ್ತೋ ಮುಂಚೆ ಅವನು ತನ್ನ ಇಬ್ಬರು ಭವಿಷ್ಯದ ರೂಪಗಳನ್ನ ನೋಡ್ತಾನೆ. ಡೇವಿಡ್ ಟೆನಂಟ್ ಡಾಕ್ಟರ್ ಆ ನೋವನ್ನ ಹೊತ್ಕೊಂಡೇ ಓಡಾಡ್ತಿದ್ದಾನೆ, ಮ್ಯಾಟ್ ಸ್ಮಿತ್ ಡಾಕ್ಟರ್ ಮರೆತಹಾಗೆ ಇದ್ದಾನೆ. ಕೊನೆಗೆ ಮೂವರೂ ಬೇರೆ ದಾರಿ ಹುಡುಕಿ ಗ್ರಹ ಉಳಿಸ್ತಾರೆ. ಆದರೆ ವಾರ್ ಡಾಕ್ಟರ್‌ಗೆ ಅದು ನೆನಪಿರಲ್ಲ; ಸುಟ್ಟೆ ಅನ್ನೋ ಭಾರದಲ್ಲೇ ಮುಂದೆ ಬದುಕ್ತಾನೆ. 94 ದೇಶಗಳಲ್ಲಿ ಒಟ್ಟಿಗೆ ಪ್ರಸಾರವಾದ ಕಂತು ಇದು. ಒಬ್ಬ ನಟ ಬರಲ್ಲ ಅಂದಿದ್ದಕ್ಕೇ ಈ ಕಥೆ ಹುಟ್ಟಿತು.

ಸತ್ತವರಿಗೆ ಆ ಹಕ್ಕಿಲ್ಲ. ಕನ್ನಡದವರಿಗೂ ಈ ಪ್ರಶ್ನೆ ದೂರದ್ದಲ್ಲ. 2009ರ ಡಿಸೆಂಬರ್‌ನಲ್ಲಿ ನಮ್ಮನ್ನ ಅಗಲಿದ ವಿಷ್ಣುವರ್ಧನ್ ಅವರನ್ನ 2016ರ 'ನಾಗರಹಾವು' ಸಿನಿಮಾದಲ್ಲಿ ಡಿಜಿಟಲ್ ಆಗಿ ತಂದರು. 1972ರಲ್ಲಿ ಅವರನ್ನ ನಾಯಕನನ್ನಾಗಿ ಮಾಡಿದ ಸಿನಿಮಾದ ಹೆಸರೂ ಅದೇ. ಅಭಿಮಾನಿಯ ಪ್ರೀತಿ ಸುಳ್ಳಲ್ಲ, ಅದನ್ನ ಗೇಲಿ ಮಾಡೋನು ನಾನಲ್ಲ. ಆದರೆ ಈ ಸೀನ್ ನನಗೆ ಬೇಡ ಅಂತ ಹೇಳೋಕೆ ಅವರು ಅಲ್ಲಿರಲಿಲ್ಲ.

ಹಾಲಿವುಡ್ ನಟರ ಸಂಘ 2023ರಲ್ಲಿ 118 ದಿನ ಮುಷ್ಕರ ಮಾಡಿದಾಗ ಮುಖ್ಯ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು: ನಮ್ಮ ಡಿಜಿಟಲ್ ನಕಲು ಮಾಡೋ ಮುಂಚೆ ಕೇಳಿ, ದುಡ್ಡು ಕೊಡಿ. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ತೀರಿಕೊಂಡ ಕಲಾವಿದರ ನಕಲು ಬಳಸೋಕೆ ಅವರ ವಾರಸುದಾರರ ಒಪ್ಪಿಗೆ ಬೇಕು ಅನ್ನೋ ಕಾನೂನಿಗೆ ಸಹಿ ಬಿತ್ತು. ಆದರೂ ವಾರಸುದಾರರ ಸಹಿ ಬೇರೆ, ಆ ಮನುಷ್ಯನ ಮನಸ್ಸು ಬೇರೆ.

ಈಗ ಹಾರ್ಟ್‌ನೆಲ್ ಅವರನ್ನ ಇನ್ನೊಮ್ಮೆ ನೋಡಿ. ಕಾಯಿಲೆ, ಕುರ್ಚಿ, ಬೋರ್ಡ್ ನೋಡಿ ಓದೋ ಸ್ಥಿತಿ. ತಾಂತ್ರಿಕವಾಗಿ 'ದ ಫ್ಲಾಶ್' ಎದುರು ಅದು ಏನೂ ಅಲ್ಲ. ಆದರೂ ತೂಕ ಅಲ್ಲೇ ಜಾಸ್ತಿ, ಯಾಕಂದ್ರೆ ಅವರು ತಾವಾಗಿ ಬಂದಿದ್ದರು. ನಿಮೋಯ್ ಹೋದಮೇಲೆ ಬರೀ ಫೋಟೋ ಇಟ್ಟವರಿಗೂ ಈ ಮರ್ಯಾದೆ ಗೊತ್ತಿತ್ತು.

ಹಾಗಾಗಿ ಮುಂದಿನ ಸಲ ಹಳೇ ಹೀರೋ ಎಂಟ್ರಿ ಕೊಟ್ಟಾಗ ಶಿಳ್ಳೆ ಹೊಡೀರಿ, ಖಂಡಿತ ಹೊಡೀರಿ. ಮನೆಗೆ ಬರುವಾಗ ಎರಡೇ ಪ್ರಶ್ನೆ ಕೇಳ್ಕೊಳ್ಳಿ. ಇವನು ಯಾವ ಬಾಕಿ ತೀರಿಸೋಕೆ ಬಂದ? ಬರಲ್ಲ ಅನ್ನೋ ಅವಕಾಶ ಇವನಿಗಿತ್ತಾ?

ನಿಮ್ಮ ಪ್ರಕಾರ ಯಾವ ಪಾತ್ರದ ಲೆಕ್ಕ ಇನ್ನೂ ಬಾಕಿ ಇದೆ? ಒಂದು ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ ಆರಾಮಾಗಿರಿ. ನಮಸ್ಕಾರ.