ನೆಪಗಳಿಗೊಂದು ಡೇರೆ

ಇಟಾಲಿಯನ್ ಭಾಷೆಯಲ್ಲಿ 'ಅಕ್ಕಂಪಾರೆ' ಎಂಬ ಕ್ರಿಯಾಪದವೊಂದುಂಟು. ಸೈನ್ಯವನ್ನು ಬಯಲಿನಲ್ಲಿ ಬೀಡುಬಿಡಿಸುವುದು ಎಂಬುದು ಅದರ ಮೊದಲನೆಯ ಅರ್ಥ. ಇಷ್ಟನ್ನೇ ನಂಬಿ ಹೊರಟ ವಾಚಕನಿಗೆ, ಒಬ್ಬಾತನು ನೆಪಗಳನ್ನು 'ಅಕ್ಕಂಪಾರೆ' ಮಾಡಿದನೆಂಬ ವಾಕ್ಯ ಎದುರಾದರೆ ದಿಕ್ಕು ತೋರದು. ನೆಪಗಳಿಗೆ ಡೇರೆಯೆ? ನಾವೂ ಮೊದಲು ಎಡವಿದುದು ಇಲ್ಲಿಯೇ.

ಈ ಪದದ ಹೊಟ್ಟೆಯಲ್ಲಿರುವುದು 'ಕಂಪೊ', ಎಂದರೆ ಹೊಲ, ಬಯಲು. ಅದರ ಮೂಲ ಲ್ಯಾಟಿನ್ನಿನ 'ಕಂಪುಸ್'. ರೋಮ್ ನಗರದಲ್ಲಿ ಟೈಬರ್ ನದಿಯ ಮಗ್ಗುಲಿಗೆ ಮಾರ್ಸ್ ದೇವತೆಯ ಹೆಸರಿನ ಬಯಲೊಂದಿದ್ದಿತು. ಪೌರರು ಮತಕ್ಕಾಗಿ ನೆರೆಯುತ್ತಿದ್ದುದೂ ತರುಣರು ಶಸ್ತ್ರಾಭ್ಯಾಸ ಮಾಡುತ್ತಿದ್ದುದೂ ಅಲ್ಲಿಯೇ. ಆದರೆ ದಂಡಿನ ಪಾಳೆಯವನ್ನು ರೋಮನರು 'ಕಾಸ್ತ್ರ' ಎನ್ನುತ್ತಿದ್ದರು; ಮ್ಯಾಂಚೆಸ್ಟರ್ ಮುಂತಾದ ಊರುಗಳ ಹೆಸರಿನ ಕೊನೆಯಲ್ಲಿ ಆ ಮಾತು ಇಂದಿಗೂ ಉಳಿದಿದೆ. ಬಯಲೆಂಬ ಮಾತೇ ರಣರಂಗವೆಂದೂ ಪಾಳೆಯವೆಂದೂ ಅರ್ಥ ಪಡೆದುದು ಅನಂತರ. ನಮ್ಮ ಅಧಿಕಾರಿಗಳ 'ಕ್ಯಾಂಪು', ಕಾಲೇಜಿನ 'ಕ್ಯಾಂಪಸ್' ಎರಡೂ ಇದೇ ಮನೆತನದವು. ಬೆಂಗಳೂರಿನಲ್ಲಿ 1809ರಲ್ಲಿ ನೆಲೆಗೊಂಡ ಕಂಟೋನ್‌ಮೆಂಟು ಮಾತ್ರ ಈ ನಂಟಿಗೆ ಸೇರಿದುದಲ್ಲ. ಅದರ ಮೂಲ ಮೂಲೆ ಎಂಬರ್ಥದ ಬೇರೊಂದು ಶಬ್ದ.

ಇನ್ನು ನೆಪದ ಮಾತು. ಸೈನ್ಯವನ್ನು ಬಯಲಿಗೆ ತಂದು ನಿಲ್ಲಿಸುವಂತೆ ವಾದವನ್ನೋ ಹಕ್ಕನ್ನೋ ಎದುರಾಳಿಯ ಮುಂದೆ ತಂದು ನಿಲ್ಲಿಸುವುದೂ 'ಅಕ್ಕಂಪಾರೆ' ಎನಿಸಿತು. ಇದು ವಿದೇಶದ ವಿಚಿತ್ರವೆಂದು ತಿಳಿಯಬೇಕಾಗಿಲ್ಲ. ನಾವು 'ನೆಪ ಒಡ್ಡಿದನು' ಎನ್ನುವೆವಷ್ಟೆ. ಹಳಗನ್ನಡದಲ್ಲಿ ಸೇನೆಯನ್ನು ಸಾಲುಗೊಳಿಸಿ ನಿಲ್ಲಿಸುವುದಕ್ಕೂ 'ಒಡ್ಡು' ಎಂದೇ ಮಾತು. 'ಒಡ್ಡಣ' ಎಂದರೆ ಸೇನೆಯ ವ್ಯೂಹ. ಪರಸ್ಪರ ಪರಿಚಯವೇ ಇಲ್ಲದ ಎರಡು ಭಾಷೆಗಳು ನೆಪಗಾರನನ್ನು ಸೇನಾಪತಿಯ ಪಕ್ಕದಲ್ಲಿ ನಿಲ್ಲಿಸಿರುವುದು ನಮಗೆ ಬಹಳ ಸೊಗಸಾಗಿ ತೋರಿತು.

ಇಂದು ವಿಹಾರಕ್ಕೆಂದು ಗುಡ್ಡದ ಮೇಲೆ ಡೇರೆ ಹಾಕುವ ಇಟಲಿಯವರು ಹೆಚ್ಚಾಗಿ 'ಕಂಪೆಜ್ಜಾರೆ' ಎಂಬ ಸೋದರಪದವನ್ನು ಬಳಸುತ್ತಾರೆ. ಚಿತ್ರದಲ್ಲಿ ಹಿನ್ನೆಲೆಯಿಂದ ಎದ್ದು ಕಾಣುವುದಕ್ಕೂ ಅದೇ ಪದ, ಏಕೆಂದರೆ ಚಿತ್ರಕಾರರಿಗೆ ಹಿನ್ನೆಲೆಯೂ ಒಂದು 'ಕಂಪೊ'.

ಭಾಷಾಂತರಕಾರನು ಎಚ್ಚರದಿಂದಿರಬೇಕಾದ ಸಂಗತಿ ಇನ್ನೊಂದಿದೆ. 'ಅಕ್ಕಂಪಾರೆ'ಯೊಡನೆ ಬರುವ ನೆಪವೂ ಹಕ್ಕೂ ಬಹುಮಟ್ಟಿಗೆ ಸಂಶಯಾಸ್ಪದವಾದವು. ಕೇಳಿದವನು ಅದನ್ನು ನಂಬಿಲ್ಲವೆಂಬ ಧ್ವನಿ ಪದದಲ್ಲಿಯೇ ಇದೆ. ಜಮೀನಿನ ವ್ಯಾಜ್ಯದ ಕಾಗದದಲ್ಲಿ ಈ ಪದವನ್ನು ಕಂಡು 'ಹಕ್ಕನ್ನು ಸ್ಥಾಪಿಸಿದನು' ಎಂದು ಬರೆದರೆ, ಪ್ರತಿಪಕ್ಷದವನು ಅಲ್ಲಗಳೆದುದನ್ನೇ ಒಪ್ಪಿದಂತಾಗುತ್ತದೆ. 'ಕಟ್ಟುಕಥೆ ಹೂಡಿದನು' ಎಂದರೆ ಇನ್ನೂ ತೀರ್ಮಾನವಾಗದವನನ್ನು ಸುಳ್ಳನೆಂದಂತಾಗುತ್ತದೆ. ನಾವು ತರಗತಿಯಲ್ಲಿ 'ಹಕ್ಕನ್ನು ಮುಂದೊಡ್ಡಿದನು' ಎಂದು ಬರೆಯಿಸುತ್ತೇವೆ.