ಸಣ್ಣ ನೌಕಾಬಲಗಳೂ ಜಲಾಂತರ್ಗಾಮಿಯೂ

ಸಮುದ್ರದ ಮೇಲಣ ಪ್ರಭುತ್ವವು ದೊಡ್ಡ ದೊಡ್ಡ ಹಡಗುಗಳನ್ನುಳ್ಳ ರಾಷ್ಟ್ರಗಳಿಗೇ ಸಲ್ಲತಕ್ಕದ್ದೆಂಬುದು ಬಹುಕಾಲದ ನಂಬಿಕೆ. ಹಣದಲ್ಲಿಯೂ ಹಡಗುಗಳ ಸಂಖ್ಯೆಯಲ್ಲಿಯೂ ಹಿಂದೆಬಿದ್ದ ರಾಷ್ಟ್ರವೊಂದು ಬಲಿಷ್ಠವಾದ ನೌಕಾಪಡೆಯನ್ನು ಕಳವಳಕ್ಕೆ ಈಡುಮಾಡುವ ಉಪಾಯವೇನಾದರೂ ಉಂಟೆ? ಉಂಟು, ಡೀಸೆಲ್ ಎಂಜಿನ್ನಿನಿಂದಲೂ ವಿದ್ಯುತ್ತಿನಿಂದಲೂ ನಡೆಯುವ ಜಲಾಂತರ್ಗಾಮಿ ನೌಕೆಯೇ ಅದು. ಅದರ ಬಲವಾವುದು, ಆ ಬಲಕ್ಕೆ ತೆರಬೇಕಾದ ಬೆಲೆಯಾವುದು ಎಂಬೆರಡನ್ನು ನಾವು ಈಗ ವಿಚಾರಮಾಡೋಣ.

ಡೀಸೆಲ್ ಎಂಜಿನ್ನಿಗೆ ಎಣ್ಣೆಯಂತೆಯೇ ಗಾಳಿಯೂ ಬೇಕು. ಆದಕಾರಣ ನೌಕೆಯು ನೀರಿನ ಮೇಲಕ್ಕೆ ಬಂದೋ, ಅಥವಾ ‘ಸ್ನಾರ್ಕೆಲ್’ ಎಂಬ ಉಸಿರುಗೊಳವೆಯನ್ನು ಮಾತ್ರ ಅಲೆಗಳ ಮೇಲೆ ಚಾಚಿಯೋ ಎಂಜಿನ್ನನ್ನು ನಡೆಸುತ್ತದೆ. ಎಂಜಿನ್ನು ಡೈನಮೋವನ್ನು ತಿರುಗಿಸುತ್ತದೆ. ಹುಟ್ಟಿದ ವಿದ್ಯುತ್ತು ಬ್ಯಾಟರಿಗಳಲ್ಲಿ ಸಂಗ್ರಹವಾಗುತ್ತದೆ. ಬಳಿಕ ಎಂಜಿನ್ನನ್ನು ನಿಲ್ಲಿಸಿ ಆಳಕ್ಕಿಳಿದ ನೌಕೆಯು ಈ ಕೂಡಿಟ್ಟ ವಿದ್ಯುತ್ತಿನಿಂದಲೇ ಮೋಟಾರನ್ನು ನಡೆಸಿಕೊಂಡು ಸಂಚರಿಸುತ್ತದೆ. ಬ್ಯಾಟರಿಯು ಗೃಹಸ್ಥನ ಉಳಿತಾಯದ ಹಣವಿದ್ದಂತೆ: ಗಂಟೆಗೆ ನಾಲ್ಕೈದು ಮೈಲಿಯಂತೆ ಹಿತಮಿತವಾಗಿ ಸಾಗಿದರೆ ಕೆಲವು ದಿನ ಬಂದೀತು, ಪೂರ್ಣವೇಗದಲ್ಲಿ ಓಡಿದರೆ ಒಂದೆರಡು ಗಂಟೆಗಳಲ್ಲಿಯೇ ಬರಿದಾದೀತು.

ಈ ಮಿತವ್ಯಯದ ಫಲವೇ ಮೌನ. ನೀರಿನೊಳಗೆ ಬೆಳಕು ಬಹುದೂರ ಹೋಗಲಾರದು. ಶಬ್ದವಾದರೋ ಸೆಕೆಂಡಿಗೆ ಸುಮಾರು 1,500 ಮೀಟರುಗಳಂತೆ, ಎಂದರೆ ಗಾಳಿಯಲ್ಲಿ ಚಲಿಸುವುದಕ್ಕಿಂತ ನಾಲ್ಮಡಿಗೂ ಮಿಗಿಲಾದ ವೇಗದಿಂದ ಹರಿಯುತ್ತದೆ. ಆದುದರಿಂದ ಕಡಲಿನ ಬೇಟೆಗಾರನಿಗೆ ಕಣ್ಣಿಗಿಂತ ಕಿವಿಯೇ ಮುಖ್ಯ. ಪರಮಾಣುಶಕ್ತಿಯ ಜಲಾಂತರ್ಗಾಮಿಯು ತಿಂಗಳುಗಟ್ಟಲೆ ಮುಳುಗಿರಬಲ್ಲುದಾದರೂ ಅದರ ಉಗಿಚಕ್ರಗಳ ಸದ್ದನ್ನು ಪೂರ್ಣವಾಗಿ ಅಡಗಿಸುವುದು ಕಷ್ಟ. ಅದರ ವೆಚ್ಚವೂ ಕೆಲವೇ ರಾಷ್ಟ್ರಗಳಿಗೆ ಎಟಕುವಂಥದು. ಬ್ಯಾಟರಿಯ ನೌಕೆಯಲ್ಲಾದರೋ ನಿಧಾನವಾಗಿ ತಿರುಗುವ ಮೋಟಾರಿನ ಸದ್ದು ಕಡಲಿನ ಸಹಜವಾದ ಮೊರೆತದಲ್ಲಿ ಲೀನವಾಗಿಬಿಡುತ್ತದೆ.

ಇದಕ್ಕೆ ಅರ್ಜೆಂಟೀನದ ಉದಾಹರಣೆಯನ್ನು ನೋಡಬಹುದು. 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಗಾಗಿ ಆ ದೇಶಕ್ಕೂ ಬ್ರಿಟನ್ನಿಗೂ ಯುದ್ಧ ನಡೆಯಿತು. ಮೇ 2ರಂದು ಬ್ರಿಟಿಷರ ಪರಮಾಣು ಜಲಾಂತರ್ಗಾಮಿ ‘ಕಾಂಕರರ್’ ಅರ್ಜೆಂಟೀನದ ‘ಬೆಲ್‌ಗ್ರಾನೋ’ ಎಂಬ ದೊಡ್ಡ ಹಡಗನ್ನು ಮುಳುಗಿಸಿತು. 323 ಮಂದಿ ಮಡಿದರು. ಅರ್ಜೆಂಟೀನದ ಮೇಲ್ಪಡೆಯೆಲ್ಲವೂ ತನ್ನ ತೀರಕ್ಕೆ ಹಿಂದಿರುಗಿತು. ಆದರೂ ‘ಸಾನ್ ಲೂಯಿಸ್’ ಎಂಬ ಒಂದೇ ಒಂದು ಡೀಸೆಲ್ ಜಲಾಂತರ್ಗಾಮಿಯು ದ್ವೀಪಗಳ ಬಳಿಯಲ್ಲಿಯೇ ಉಳಿಯಿತು. ಗುರಿಯನ್ನು ಲೆಕ್ಕಹಾಕುವ ಅದರ ಯಂತ್ರವು ಮೊದಲೇ ಕೆಟ್ಟಿತ್ತು. ನಾವಿಕರು ಕೈಯಿಂದಲೇ ಲೆಕ್ಕಹಾಕಿ ಬಿಟ್ಟ ಟಾರ್ಪಿಡೊಗಳಲ್ಲಿ ಒಂದೂ ಹಡಗನ್ನು ಮುಳುಗಿಸಲಿಲ್ಲ. ಆದರೆ ಬ್ರಿಟಿಷರ ಹಡಗುಗಳೂ ಹೆಲಿಕಾಪ್ಟರುಗಳೂ ಅದನ್ನು ಹುಡುಕುತ್ತ ಅನೇಕ ಅಸ್ತ್ರಗಳನ್ನು ವೆಚ್ಚಮಾಡಿದವು. ಕೆಲವು ತಿಮಿಂಗಿಲಗಳ ಪಾಲಾದುವು. ಸಾನ್ ಲೂಯಿಸ್ ಮಾತ್ರ ಮೇ ತಿಂಗಳಿನಲ್ಲಿಯೇ ಸುರಕ್ಷಿತವಾಗಿ ರೇವಿಗೆ ಮರಳಿತು. ಏನನ್ನೂ ಮುಳುಗಿಸದೆ, ಇರಬಹುದೆಂಬ ಶಂಕೆಯೊಂದರಿಂದಲೇ ಅದು ಪ್ರಬಲವಾದ ಪಡೆಯ ನಿದ್ರೆಗೆಡಿಸಿತ್ತು.

ಇನ್ನು ಬೆಲೆಯ ಮಾತು. ಉಸಿರಿಗೆ ಮೇಲೆ ಬರಬೇಕಾದ ಕ್ಷಣವೇ ಈ ನೌಕೆಗೆ ಅಪಾಯದ ಕ್ಷಣ. ಅಲ್ಲದೆ, ಬ್ಯಾಟರಿಯ ಆಮ್ಲಕ್ಕೆ ಸಮುದ್ರದ ನೀರು ಸೇರಿದರೆ ವಿಷಾನಿಲವಾದ ಕ್ಲೋರೀನು ಹುಟ್ಟುತ್ತದೆ. ವಿದ್ಯುತ್ತು ಅಡ್ಡದಾರಿ ಹಿಡಿದು ಬೆಂಕಿಯೂ ಏಳಬಹುದು. ಅದೇ ಅರ್ಜೆಂಟೀನದ ‘ಸಾನ್ ಹುವಾನ್’ ಜಲಾಂತರ್ಗಾಮಿಯು 2017ರ ನವೆಂಬರಿನಲ್ಲಿ, ಉಸಿರುಗೊಳವೆಯ ಮಾರ್ಗವಾಗಿ ನೀರು ನುಗ್ಗಿ ಬ್ಯಾಟರಿಯಲ್ಲಿ ಬೆಂಕಿ ಕಾಣಿಸಿಕೊಂಡಿತೆಂದು ವರದಿಮಾಡಿತು. ನವೆಂಬರ್ 15ರ ತರುವಾಯ ಅದರಿಂದ ಸುದ್ದಿಯೇ ಬರಲಿಲ್ಲ. ಒಂದು ವರ್ಷ ಕಳೆದ ಮೇಲೆ ಸುಮಾರು 900 ಮೀಟರ್ ಆಳದಲ್ಲಿ ಅದರ ಅವಶೇಷಗಳು ಸಿಕ್ಕಿದುವು. ಅದರಲ್ಲಿದ್ದ 44 ಮಂದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಯುದ್ಧವಿಲ್ಲದ ಕಾಲ; ಶತ್ರುವಿಲ್ಲದ ಕಡಲು.

ಗಾಳಿಯ ಹಂಗನ್ನು ಕಡಮೆಮಾಡುವ ಪ್ರಯತ್ನವೂ ನಡೆದಿದೆ. 1990ರ ದಶಕದಲ್ಲಿ ಸ್ವೀಡನ್ನು ಕಟ್ಟಿದ ‘ಗಾಟ್‌ಲೆಂಡ್’ ನೌಕೆಯು ದ್ರವರೂಪದ ಆಮ್ಲಜನಕವನ್ನು ತನ್ನೊಡನೆಯೇ ಒಯ್ದು, ಸ್ಟರ್ಲಿಂಗ್ ಎಂಜಿನ್ನಿನ ನೆರವಿನಿಂದ ವಾರಗಟ್ಟಲೆ ಮುಳುಗಿರಬಲ್ಲುದು. ಅಮೆರಿಕದಂಥ ಮಹಾರಾಷ್ಟ್ರವೇ 2005ರಲ್ಲಿ ಅದನ್ನು ಬಾಡಿಗೆಗೆ ಪಡೆದು ತನ್ನ ನಾವಿಕರ ಅಭ್ಯಾಸಕ್ಕೆ ಬಳಸಿಕೊಂಡಿತು.

ಮೇಲಿನ ನಿದರ್ಶನಗಳಿಂದ ನಮಗೆ ತಿಳಿಯುವುದಿಷ್ಟು: ಸಣ್ಣ ರಾಷ್ಟ್ರವು ನೌಕೆಯನ್ನು ಹಣಕೊಟ್ಟು ಕೊಳ್ಳಬಹುದು, ಅದರ ಮೌನವನ್ನಾದರೋ ದಿನದಿನದ ಪಾಲನೆಯಿಂದಲೇ ಗಳಿಸಬೇಕು. ಕೆಟ್ಟ ಲೆಕ್ಕಯಂತ್ರವೊಂದು ಸಾನ್ ಲೂಯಿಸಿನ ಬಾಣಗಳನ್ನು ವ್ಯರ್ಥಮಾಡಿತು. ನೀರು ನುಗ್ಗಿದ ಕೊಳವೆಯೊಂದು ಸಾನ್ ಹುವಾನಿನ ವಿಪತ್ತಿಗೆ ಮೊದಲಾಯಿತು. ಸಣ್ಣ ನೌಕಾಬಲದ ಈ ದೊಡ್ಡ ಆಯುಧವು, ಪಾಲನೆ ತಪ್ಪಿದರೆ, ಶತ್ರುವಿಗಿಂತ ಮೊದಲು ತನ್ನವರನ್ನೇ ಬಲಿಗೊಳ್ಳುವಂಥದು.